ಎಡಭುಜದ ಅರ್ಧ ಇಂಚು

ಜೂನ್ 3, ಸೋಮವಾರ, ಬೆಳಗ್ಗೆ 10

ಕಾಲರ್ ಬಗ್ಗೆ ಇನ್ನೂ ನೂರು ಪದ ಬೇಕು. ಕಾಲರ್ ಬಗ್ಗೆ ಬರೆಯುತ್ತಿರುವುದು ಇದು ಆರನೆಯ ಸಲ. ಇರುವುದು ಒಂದೇ ಕೊರಳು, ಎಷ್ಟು ಅಂತ ಬರೆಯುವುದು...

ಎಂದಿನಂತೆ ಅಂಗಡಿಯಲ್ಲೇ ಕೂತಿದ್ದೇನೆ. ಕಟಿಂಗ್ ಟೇಬಲ್ಲಿನ ಆ ತುದಿ ಮಾವನದು, ಈ ತುದಿ ನನ್ನದು. ಮಧ್ಯೆ ಹೆಂಡತಿ, ಗುಂಡಿಗೆ ಕಾಜಾ ಹಾಕುತ್ತಾ. ಕೆಳಗೆ ಅಂಗಡಿ, ಮೇಲೆ ಮನೆ. ಮನೆ ಅಳಿಯನ ಪುಣ್ಯ. ಹನ್ನೆರಡು ಮೆಟ್ಟಿಲು ಇಳಿದರೆ ಆಫೀಸು, ಹತ್ತಿದರೆ ಸಂಸಾರ. ಮೂರನೆಯ ದಾರಿ ಇಲ್ಲ.

ಸಂಪಾದಕರ ಫೋನ್. ಈ ತಿಂಗಳ ಮೂವತ್ತಕ್ಕೆ ನನ್ನ ‘ಗಂಡಸರ ಗತ್ತು’ ಅಂಕಣಕ್ಕೆ ನಾನೂರು ವಾರ. ನಾನೂರನೆಯದು ಮಾವನ ಬಗ್ಗೆಯೇ ಇರಬೇಕಂತೆ. ಪೂರ್ತಿ ಪುಟ, ಫೋಟೋ ಸಮೇತ. ಮೊದಲನೆಯ ವಾರ ಬರೆದದ್ದೂ ಅವರ ಬಗ್ಗೆಯೇ. ಆಗ ಅವರು ನನಗೆ ಬರೀ ಟೇಲರ್ ಮಾಸ್ಟರು, ಅವರ ಮಗಳನ್ನು ನೋಡಿಯೂ ಇರಲಿಲ್ಲ. ನೋಡಿದ್ದೆ. ದಿನಚರಿಯಲ್ಲಾದರೂ ಸುಳ್ಳು ಬೇಡ.

ಜೂನ್ 5, ಮಧ್ಯಾಹ್ನ

ಹಲ್ಲಿನ ಡಾಕ್ಟರು ಟ್ರಯಲ್‌ಗೆ ಬಂದಿದ್ದರು. ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಎಡಭುಜ ಎದ್ದು ನಿಂತಿದೆ. ಕಾಲರ್ ಒಂದು ಕಡೆ ಕೊರಳು ಬಿಟ್ಟಿದೆ. ಅವರ ಮುಖ ಸ್ವಲ್ಪ ಬಾಡಿತು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡರು. “ನೀವೇ ಬರ್ದಿದ್ದೀರಲ್ಲ ಸಾರ್, ರೆಡಿಮೇಡಿಗೆ ಒಗ್ಗಿದ ಮೈಗೆ ಒಳ್ಳೇ ಕೋಟು ತಕ್ಷಣ ಒಗ್ಗಲ್ಲ ಅಂತ. ಒಂದು ತಿಂಗಳು ಹಾಕಿ ನೋಡ್ತೀನಿ.”

ಹೌದು, ಬರೆದಿದ್ದೇನೆ. ನೂರಾ ಹನ್ನೆರಡನೆಯ ವಾರ.

ಅವರು ಹೋದ ಮೇಲೆ ಕೋಟಿನ ಒಳಗೆ ಬೆರಳು ಹಾಕಿದೆ. ಎಡಗಡೆ ಭುಜದ ಪ್ಯಾಡಿನ ಮೇಲೆ ಇನ್ನೊಂದು ಪದರ. ಅರ್ಧ ಇಂಚು.

ಆ ಅರ್ಧ ಇಂಚು ನನ್ನದು. ಒಂಬತ್ತನೆಯ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದೆ. ಎಡಭುಜ ಮುರಿದು, ಕೂಡಿಕೊಳ್ಳುವಾಗ ತಗ್ಗಿ ಕೂತಿತು. ಅದನ್ನು ಯಾರೂ ಗಮನಿಸಿರಲಿಲ್ಲ, ಅಮ್ಮನೂ ಸಹ. ಮಾವ ಟೇಪು ಬಿಚ್ಚುವ ಮೊದಲೇ ಎರಡು ಕೈ ಭುಜದ ಮೇಲಿಟ್ಟು ಕಂಡುಹಿಡಿದರು. ಏನೂ ಹೇಳಲಿಲ್ಲ. ಹದಿನೈದು ದಿನ ಬಿಟ್ಟು ಕೋಟು ಕೊಟ್ಟರು. ತೊಟ್ಟು ಕನ್ನಡಿ ನೋಡಿದರೆ, ಬಿದ್ದ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ನೆಟ್ಟಗೆ ನಿಂತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು. ಅಳತೆ ಕೊಟ್ಟು ಹೊಲಿಸುವುದೆಂದರೆ ಇದೇ. ನಿಮ್ಮ ಕೊರತೆ ಒಬ್ಬರಿಗೆ ಗೊತ್ತಾಗುತ್ತದೆ. ಅವರು ಯಾರಿಗೂ ಹೇಳದೆ ಬಟ್ಟೆಯಲ್ಲಿ ಸರಿಮಾಡುತ್ತಾರೆ. ನಾನೂರು ವಾರ ನಾನು ಬರೆದದ್ದೆಲ್ಲ ಇದೊಂದನ್ನೇ, ಬೇರೆ ಬೇರೆ ಗುಂಡಿ ಹಾಕಿ.

ಡಾಕ್ಟರ ಭುಜಗಳು ಎರಡೂ ಸಮ.

ಜೂನ್ 11

ಆ ಪ್ಯಾಡಿನ ಬಗ್ಗೆ ಹೆಂಡತಿಯನ್ನು ಕೇಳಿಬಿಟ್ಟೆ. ಇಸ್ತ್ರಿ ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. ಎರಡು ವರ್ಷವಾಯಿತಂತೆ ಅಪ್ಪನ ಕಣ್ಣು ಮಬ್ಬಾಗಿ. ವಾಸಿಯಾಗುವುದಿಲ್ಲ ಅಂತ ಕಣ್ಣಿನ ಡಾಕ್ಟರು ಅವಳಿಗೆ ಮಾತ್ರ ಹೇಳಿದ್ದಾರೆ. ಸೀಮೆಸುಣ್ಣದ ಗೆರೆ ಅವರಿಗೆ ಕಾಣುವುದಿಲ್ಲ. ಬಟ್ಟೆಯ ಮೇಲಿಟ್ಟು ಕತ್ತರಿಸುವ ಗಿರಾಕಿಗಳ ಪ್ಯಾಟರ್ನ್ ಎಲ್ಲ ತೆಳು ಕಾಗದದ್ದು, ಅಂಚು ಬೆರಳಿಗೆ ಸಿಗುವುದಿಲ್ಲ. ದಪ್ಪ ರಟ್ಟಿನದು ಒಂದೇ ಒಂದು — ನನ್ನದು. ಮದುವೆ ಕೋಟಿಗೆ ಮಾಡಿದ್ದು. ಅಳಿಯನಿಗೆ ಮತ್ತೆ ಮತ್ತೆ ಹೊಲಿಯಬೇಕಾಗುತ್ತದೆ ಅಂತ ಗಟ್ಟಿಯಾಗಿ ಮಾಡಿದ್ದರು. ಈಗ ಯಾರ ಬಟ್ಟೆ ಬಂದರೂ ಅದನ್ನೇ ಇಟ್ಟು, ಅಂಚಿನ ಮೇಲೆ ಬೆರಳಾಡಿಸುತ್ತಾ ಕತ್ತರಿ ಓಡಿಸುತ್ತಾರೆ, ಪ್ಯಾಡನ್ನೂ ಅದೇ ಅಳತೆಗೆ ಇಡುತ್ತಾರೆ. ಉದ್ದ, ಎದೆ, ಸೊಂಟವನ್ನು ಇವಳು ಮಿಶನ್ನಿನಲ್ಲಿ ಸರಿಮಾಡುತ್ತಾಳೆ. ಭುಜ ಇವಳಿಗೆ ಬರುವುದಿಲ್ಲ.

“ಅಪ್ಪ ಕತ್ತರಿ ಕೆಳಗಿಟ್ಟ ದಿನಾನೇ ಹಾಸಿಗೆ ಹಿಡೀತಾರೆ ರೀ. ನೀವು ಬರೀತಾ ಇರಿ. ನೀವು ಚೆನ್ನಾಗಿದೆ ಅಂದ್ರೆ ಯಾರೂ ಭುಜ ನೋಡಲ್ಲ.”

ಎರಡು ವರ್ಷ. ಮೂರು ಮಾರು ದೂರದಲ್ಲಿ ಕೂತು ಒಳ್ಳೆಯ ಕೋಟನ್ನು ಗುರುತಿಸುವುದು ಹೇಗೆ ಅಂತ ಊರಿಗೆಲ್ಲ ಪಾಠ ಹೇಳಿದೆ. ನನ್ನ ಕಾಲ ಬುಡದಲ್ಲಿ ಏನಾಗುತ್ತಿದೆ ಅಂತ ನೋಡಲಿಲ್ಲ. ನಾಚಿಕೆಯಾಗುತ್ತದೆ.

ಜೂನ್ 12

ಬಸ್ ಸ್ಟಾಪಿನಲ್ಲಿ ಬ್ಯಾಂಕ್ ಮ್ಯಾನೇಜರು. ಎಡಭುಜ ಮೇಲೆ. ಕೋರ್ಟಿನ ಮೆಟ್ಟಿಲ ಮೇಲೆ ಲಾಯರು. ಎಡಭುಜ ಮೇಲೆ. ಇಬ್ಬರೂ ನಕ್ಕು ಕೈಯೆತ್ತಿದರು. ನನ್ನ ಕೈ ತಾನಾಗಿ ಎಡಭುಜಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ.

ಜೂನ್ 19

ವಾರದಿಂದ ಏನೂ ಬರೆದಿಲ್ಲ. ಇಲ್ಲಿ. ಪೇಪರಿಗೆ ಬರೆದೆ, ಶೂ ಪಾಲಿಶ್ ಬಗ್ಗೆ.

ಫೋಟೋಗ್ರಾಫರ್ ಬಂದು ಮಾವನನ್ನು ಕತ್ತರಿ ಎತ್ತಿಸಿ ಹತ್ತು ಫೋಟೋ ತೆಗೆದ. ಕ್ಯಾಮೆರಾ ನೋಡಿ ಅಂದ. ಅವರು ಪಂಖದ ಕಡೆ ನೋಡಿದರು. ಕಲಾವಿದರ ನೋಟ ಅಂತ ಅವನು ಮೆಚ್ಚಿಕೊಂಡ.

ಅದೇ ಹೊತ್ತಿಗೆ ಒಬ್ಬರು ಬಂದರು. ಕೆಲಸ ಹೋಗಿ ಒಂದು ವರ್ಷವಾಗಿದೆ, ವಯಸ್ಸು ಐವತ್ತರ ಹತ್ತಿರ. ಮುಂದಿನ ತಿಂಗಳ ಒಂದನೇ ತಾರೀಖು ಇಂಟರ್ವ್ಯೂ. ಅಂಕಣ ನಂಬಿ ಎರಡು ಬಸ್ಸು ಬದಲಾಯಿಸಿ ಬಂದಿದ್ದಾರೆ. ಅಳತೆ ಕೊಟ್ಟು ಹೊರಟಾಗ ಬಾಗಿಲ ತನಕ ಹೋಗಿ ಮೆಲ್ಲಗೆ ಹೇಳಿದೆ, ಬೇರೆ ಕಡೆ ಹೊಲಿಸಿ ಅಂತ. ದೊಡ್ಡವರ ತಮಾಷೆ ಅಂತ ನಕ್ಕು ನನ್ನ ಕೈ ಕುಲುಕಿದರು.

ಜೂನ್ 23, ಭಾನುವಾರ

ಮಾವನಿಗೆ ಅಂಕಣ ಓದಿ ಹೇಳಿದೆ. ಪ್ರತಿ ಭಾನುವಾರದ ಕೆಲಸ. ಕನ್ನಡಕ ಎಲ್ಲಿಟ್ಟೆನೋ ಅನ್ನುತ್ತಾರೆ, ನಾನು ಪೇಪರ್ ಬಿಡಿಸುತ್ತೇನೆ. ಪೂರ್ತಿ ಕೇಳಿ “ಅಷ್ಟೇನಾ?” ಅಂದರು. ಅಷ್ಟೇ ಅಂದೆ. ಎರಡು ವರ್ಷದಿಂದ ಹಾಗೆಯೇ ಕೇಳುತ್ತಿದ್ದಾರೆ. ಶೂ ಪಾಲಿಶ್ ಬಗ್ಗೆ ಇನ್ನೇನು ಇರುತ್ತದೆ.

ಜೂನ್ 26, ಮಧ್ಯಾಹ್ನ 3

ಹೆಂಡತಿ ದಾರ ತರಲು ಪೇಟೆಗೆ ಹೋಗಿದ್ದಳು. ಮಾವ ಹತ್ತಿರ ಕರೆದರು. ಎರಡು ಕೈ ನನ್ನ ಭುಜದ ಮೇಲಿಟ್ಟರು, ಮೊದಲ ದಿನದ ಹಾಗೆ.

“ಅಳಿಯಂದ್ರೆ, ಆ ಇಂಟರ್ವ್ಯೂನವರ ಭುಜ ಎರಡೂ ಸಮ ಇತ್ತು. ಕೈಗೆ ಗೊತ್ತಾಯ್ತು. ಕತ್ತರಿ ಮಾತ್ರ ನಿಮ್ಮ ಭುಜಾನೇ ಕತ್ತರಿಸ್ತು.”

ಅವರೇ ಮುಂದುವರಿಸಿದರು. ಎರಡು ವರ್ಷದಿಂದ ಹೀಗೇ. ಪಕ್ಕದಲ್ಲೇ ಕೂತು ಬರೆಯುವ ಅಳಿಯನಿಗೆ ಕಾಣದೆ ಇರುತ್ತದೆಯೇ, ಈ ವಾರ ಬರೆದಿರುತ್ತಾರೆ, ಈ ವಾರ ಬರೆದಿರುತ್ತಾರೆ ಅಂತ ಪ್ರತಿ ಭಾನುವಾರ ಓದಿಸಿಕೊಂಡರಂತೆ. ನನಗೆ ಗೊತ್ತಾಗಿ ಬರೀ ಮೂರು ವಾರ ಅನ್ನುವುದನ್ನು ಮುಚ್ಚಿಟ್ಟೆ. ನೀವೇ ನಿಲ್ಲಿಸಬಹುದಿತ್ತಲ್ಲ ಮಾವ, ಅಂದೆ.

“ಹೇಗೆ ನಿಲ್ಸಲಿ? ಪೇಪರ್ ಹಿಡ್ಕೊಂಡು ದೂರದಿಂದ ಬರ್ತಾರೆ. ಆಗಲ್ಲ ಅಂದ್ರೆ ಅಳಿಯ ಸುಳ್ಳುಗಾರ ಆಗ್ತಾರೆ. ಮಗಳು ಬೇರೆ, ನಂಗೇನೂ ಗೊತ್ತಿಲ್ಲ ಅಂದ್ಕೊಂಡು ರಾತ್ರಿ ಹಗಲು ಬಿಚ್ಚಿ ಹೊಲೀತಾಳೆ.” ನನ್ನ ಭುಜ ಒತ್ತಿ, “ಹೊಗಳಿ ಹೊಗಳಿ ನನ್ನನ್ನ ಈ ಟೇಬಲ್ಲಿಗೆ ಹೊಲಿದುಬಿಟ್ರಿ. ಬಿಚ್ಚೋದೂ ನೀವೇ,” ಅಂದರು.

ನಾಳೆ ಬರೆಯುತ್ತೇನೆ ಅಂದೆ. ಭುಜದ ಮೇಲಿಂದ ಕೈ ತೆಗೆದರು.

ಜೂನ್ 27, ಗುರುವಾರ, ಬೆಳಗ್ಗೆ 9

ಮೂರು ಗಂಟೆಯೊಳಗೆ ಕಳಿಸಬೇಕು. ಮೆಟ್ಟಿಲಲ್ಲಿ ಹೆಂಡತಿ ನನ್ನ ಕಾಲರ್ ಸರಿಮಾಡಿ, ಚೆನ್ನಾಗಿ ಬರೀರಿ ಅಂದಳು. ರಾತ್ರಿಯೆಲ್ಲ ನಿದ್ದೆ ಮಾಡದ ಅವಳ ಕಣ್ಣು. ಅತ್ತ ದರಿ ಇತ್ತ ಪುಲಿ. ಆದರೂ ಮಾತು ಕೊಟ್ಟಾಗಿದೆ, ಮಾವನಿಗೆ.

11.30

ಬರೆದೆ. ‘ಅಳತೆಯ ಕೋಟಿನ ಸುಖ ತಿಳಿಯಬೇಕಾದರೆ ನಮ್ಮ ಮಾಸ್ಟರ ಕೈಗೆ ಭುಜ ಕೊಟ್ಟು ನೋಡಬೇಕು.’ ಓದಿಕೊಂಡರೆ, ಮೊದಲ ವಾರದ ಮೊದಲ ಸಾಲು. ಅಕ್ಷರಕ್ಕೆ ಅಕ್ಷರ. ಹೊಡೆದು ಹಾಕಿದೆ.

ಮತ್ತೆ ಬರೆದೆ. ಪದ ಬೇರೆ, ಸಾಲು ಅದೇ. ಹೊಡೆದು ಹಾಕಿದೆ. ಐದು ಹಾಳೆ ಹೋಯಿತು. ‘ಕಣ್ಣು’ ಅಂತ ಶುರುಮಾಡಿದರೂ ‘ಕಣ್ಣಿಗೆ ಕಟ್ಟುವ ಹೊಲಿಗೆ’ ಅಂತ ಹೋಗಿ ನಿಲ್ಲುತ್ತದೆ.

2.40

ಸಂಪಾದಕರು ಎರಡು ಸಲ ಫೋನ್ ಮಾಡಿದರು. ಇಂಟರ್ವ್ಯೂನವರ ಕೋಟು ಹ್ಯಾಂಗರಿನಲ್ಲಿ ಸಿದ್ಧವಾಗಿದೆ. ಸಂಜೆ ಬರುತ್ತಾರೆ.

ಮಾವ ಆ ತುದಿಯಲ್ಲಿ ಕತ್ತರಿ ಮುಟ್ಟದೆ ಕೂತಿದ್ದಾರೆ. ನನ್ನ ಪೆನ್ನಿನ ಸದ್ದು ಕೇಳುತ್ತಿದ್ದಾರೆ. ಪೆನ್ನು ಓಡಿದಾಗಲೆಲ್ಲ ಮುಖ ಸ್ವಲ್ಪ ಹಗುರಾಗುತ್ತದೆ. ಕೊನೆಗೂ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ.

ಹೊಸ ಹಾಳೆ. ಇದೇ ಕೊನೆಯದು. ಈ ಸಲ ನೇರವಾಗಿ —

‘ನಮ್ಮ ಮಾಸ್ಟರ ಕೈ ಇವತ್ತಿಗೂ ತಪ್ಪಿಲ್ಲ...’