ಹನ್ನೆರಡನೆಯ ಗಂಟು

ಹೊಳೆನರಸೀಪುರದ ನನ್ನ ಭಾವನವರಿಗೆ, ಚನ್ನರಾಯಪಟ್ಟಣದಿಂದ ನಿಮ್ಮ ಭಾಮೈದ ಕುಮಾರ ಮಾಡುವ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ, ಅತ್ತಲಿನ ಕ್ಷೇಮಕ್ಕೆ ಬರೆಯಿರಿ ಎನ್ನಬೇಕು. ಆದರೆ ನೀವು ಬದುಕಿದ್ದಾಗಲೇ ಯಾವ ಪತ್ರಕ್ಕೂ ಉತ್ತರ ಬರೆದವರಲ್ಲ. ಹೋಗಿ ಮೂರು ವರ್ಷವಾದ ಮೇಲೆ ಆ ನಿರೀಕ್ಷೆ ನನಗಿಲ್ಲ. ಓಡಾಟವನ್ನು ಮಾತ್ರ ನೀವಿನ್ನೂ ಬಿಟ್ಟಿಲ್ಲ ಎಂದು ಕೇಳಿದೆ. ಹೇಳಿದವರು ಒಬ್ಬರಲ್ಲ, ನಾಲ್ಕು ಜನ. ಅದೂ ನಡುಹಗಲಿನಲ್ಲಿ, ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಬಸ್ಸು ಹೋಯಿತು ಎಂದು ಹೇಳಿದಷ್ಟೇ ಸಲೀಸಾಗಿ.

ನಿಮ್ಮ ಶೆಡ್ಡು ನೆನಪಾಗುತ್ತದೆ. ಕಂಪನಿಯವರು ಗೂಡ್ಸ್ ಆಟೋವಿನ ಮುಂಭಾಗ ಮತ್ತು ಬರೀ ಅಡಿಪಟ್ಟಿ ಕೊಟ್ಟು ಕಳಿಸುತ್ತಿದ್ದರು. ಹಿಂದೆ ಸರಕು ತುಂಬುವ ತೊಟ್ಟಿ ಕಟ್ಟುವುದು ನಿಮ್ಮ ಕೆಲಸ. ಟೇಪು ಗೋಡೆಯ ಮೇಲೆ ತೂಗುತ್ತಿತ್ತು, ನೀವು ಅದನ್ನು ಮುಟ್ಟುತ್ತಿರಲಿಲ್ಲ. ಗಾಡಿಗೆ ಹೊರೆ ಹಾಕುವವರು ಯಾರೋ ಅವರನ್ನೇ ಕರೆಸಿ, ಬರಿಗಾಲಲ್ಲಿ ನಿಲ್ಲಿಸಿ, ನೆಲದಿಂದ ಸೊಂಟದವರೆಗೆ ಸಣಬಿನ ಹುರಿ ಹಿಡಿದು ಅಲ್ಲೊಂದು ಗಂಟು ಹಾಕುತ್ತಿದ್ದಿರಿ. ತೊಟ್ಟಿಯ ಎತ್ತರ ಆ ಗಂಟನ್ನು ಮೀರುವಂತಿಲ್ಲ. "ಚೀಲ ಎತ್ತೋನ ಸೊಂಟ ಉಳುದ್ರೆ ಗಾಡಿ ಉಳೀತದೆ ಕಣ್ಲಾ" ಎನ್ನುತ್ತಿದ್ದಿರಿ. ತೊಟ್ಟಿ ಮುಗಿದ ಮೇಲೆ ಅದರ ಬೆನ್ನಿಗೆ ಎರಡು ಸಾಲು ಪದ್ಯ ಹೊಸೆಯುವುದು ಬಿ.ಎ. ಮಾಡಿಯೂ ಕೆಲಸವಿಲ್ಲದ ನನ್ನ ಪಾಲಿನ ಕೈಂಕರ್ಯ. "ತೆಂಗು ಹೊರುವೆ, ಗೊನೆಯ ಹೊರುವೆ, ನಿನ್ನ ಆತುರ ಹೇಗೆ ಹೊರುವೆ?" ಆ ಗಾಡಿ ಈಗಲೂ ಬಾಗೂರು ರಸ್ತೆಯಲ್ಲಿ ಓಡುತ್ತಿದೆ. ಪ್ರಾಸ ನನಗೆ ಕೆಮ್ಮಿನ ಹಾಗೆ, ತಡೆದಷ್ಟೂ ಜೋರು.

ಕರೆಂಟಿನ ಗೂಡ್ಸ್ ಗಾಡಿ ಬರುತ್ತದಂತೆ ಎಂಬ ಸುದ್ದಿ ಮೊದಲು ನಿಮ್ಮ ಶೆಡ್ಡಿಗೆ ಬಂದ ದಿನ ಜ್ಞಾಪಕವಿದೆಯೇ? ಟೀ ಕುಡಿಯಲು ಕೂತವರೆಲ್ಲ ಅದನ್ನು ಬಾಯಲ್ಲೇ ಕಟ್ಟಿ ಮುಗಿಸಿದರು. ಒಬ್ಬ ಅದಕ್ಕೆ ಚಕ್ರ ಆರು ಎಂದ, ಇನ್ನೊಬ್ಬ ಚಾವಣಿಯ ಮೇಲೆ ಬಿಸಿಲಿನ ಹಲಗೆ ಎಂದ. ನೀವು ಚಾಕ್‌ಪೀಸು ತೆಗೆದು, ನೆಲದ ಮೇಲೆ ಆಳೆತ್ತರದ ಗಾಡಿ ಬರೆಯತೊಡಗಿದಿರಿ. ಬ್ಯಾಟರಿಯನ್ನು ತೊಟ್ಟಿಯ ಕೆಳಗೆ ಇಡಲಿಲ್ಲ, ಡ್ರೈವರನ ಬೆನ್ನ ಹಿಂದೆ ನಿಲ್ಲಿಸಿದಿರಿ. ತೊಟ್ಟಿ ತನ್ನಷ್ಟಕ್ಕೆ ಕೆಳಗಿಳಿಯಿತು. "ಬರಿಯಪ್ಪ ಕವಿ ಇದುಕ್ಕೊಂದು" ಎಂದಿರಿ. ನಾನು ಬರೆದೆ: "ಸದ್ದೂ ಇಲ್ಲ, ಹೊಗೆಯೂ ಇಲ್ಲ; ಬಂದದ್ದು ಯಾರಿಗೂ ತಿಳಿಯಲೇ ಇಲ್ಲ." ನೀವು ಅದನ್ನು ಎರಡು ಸಲ ಓದಿಕೊಂಡು, "ಇದು ಗಾಡಿ ಮ್ಯಾಲೆ ಬ್ಯಾಡ ಕಣ್ಲಾ, ಒಂಥರಾ ಆಯ್ತದೆ" ಎಂದಿರಿ. ಆಗ ನಾನು ನಕ್ಕಿದ್ದೆ.

ಆಮೇಲೆ ನೀವು ಮೊಪೆಡ್ಡಿನಲ್ಲಿ ಹೊರಟಿರಿ. ಹಾಸನದ ಆಲೂಗಡ್ಡೆ ಮಂಡಿ, ಇಲ್ಲಿನ ಎಳನೀರು ಅಂಗಡಿಗಳು, ಅರಕಲಗೂಡಿನ ಸಂತೆ, ರುದ್ರಪಟ್ಟಣದ ವೀಣೆ ಮೇಷ್ಟ್ರ ಮನೆಯವರೆಗೂ. ಎಂಥ ಗಾಡಿ ಬೇಕು, ಏನು ಹೊರಬೇಕು, ಎಷ್ಟು ದೂರ ಹೋಗಬೇಕು ಎಂದು ಕೇಳಿ ಕೇಳಿ, ಒಂದೇ ಹುರಿಯಲ್ಲಿ ಹನ್ನೊಂದು ಜನರ ಸೊಂಟದ ಗಂಟು ಹಾಕಿಕೊಂಡು ಬಂದಿರಿ. ಚಿತ್ರವನ್ನು ಡ್ರಾಯಿಂಗ್ ಹಾಳೆಗೆ ಇಳಿಸಿ, ಅಂಚಿನಲ್ಲಿ ಹನ್ನೊಂದು ಹೆಸರು ಬರೆದು, ಹುರಿಯ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟಿರಿ. "ನೀನು ಓದ್ದೋನು. ಕಂಪನಿಗೆ ಒಂದು ಕಾಗದ ಬರ್ದು ಕಳ್ಸು. ಅವ್ರು ನಮ್ ಸೊಂಟ ನೋಡಿಲ್ಲ, ನೋಡ್ಲಿ."

ಭಾವ, ಇದನ್ನು ಹೇಳುವುದಕ್ಕೇ ಇಷ್ಟು ಸುತ್ತಿ ಬಂದೆ. ನಾನು ಕಳಿಸಲಿಲ್ಲ.

ಕಂಪನಿಗೆ ಎಂದರೆ ಇಂಗ್ಲಿಷಿನಲ್ಲೇ ಬರೆಯಬೇಕು ಎಂದುಕೊಂಡೆ. ಬಿ.ಎ.ಯಲ್ಲಿ ಆ ಪೇಪರು ನನಗೆ ಎರಡನೇ ಸಲಕ್ಕೆ ಪಾಸಾದದ್ದು ಎಂದು ನಿಮಗೆ ಯಾವತ್ತೂ ಹೇಳಿರಲಿಲ್ಲ. ಮೇಲಿನ ವಿಳಾಸ, ಒಂದು ಗೌರವದ ಸಾಲು, ಅಷ್ಟಕ್ಕೆ ಪೆನ್ನು ನಿಂತಿತು. ನಿಮ್ಮ ಹುರಿ, ಗಂಟು, ಬರಿಗಾಲು, ಇವನ್ನೆಲ್ಲ ಆ ಭಾಷೆಯಲ್ಲಿ ಹೇಗೆ ನಿಲ್ಲಿಸಲಿ? ಗೊತ್ತಿರುವ ಯಾರಿಗಾದರೂ ಕೊಟ್ಟು ಬರೆಸಬಹುದಿತ್ತು. ಊರಿಗೆಲ್ಲ ಕವಿ ಎನಿಸಿಕೊಂಡವನು ಒಂದು ಅರ್ಜಿ ಬರೆಸಲು ಇನ್ನೊಬ್ಬರ ಮುಂದೆ ಹೋಗುವುದೇ? ನಾಳೆ ಎಂದೆ, ನಾಳಿದ್ದು ಎಂದೆ. ನೀವು ಕೇಳಿದಾಗ "ಕಳಿಸಿದೀನಿ ಭಾವ, ರಿಜಿಸ್ಟರ್ಡ್ ಪೋಸ್ಟು" ಎಂದೆ. ರಿಜಿಸ್ಟರ್ಡ್ ಎಂದು ಯಾಕೆ ಸೇರಿಸಿದೆನೋ. ಹಾಸನದ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಾಗ ನೀವು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಕಂಪನಿಯಿಂದ ಏನಾರ ಬಂತೇನ್ಲಾ?" ನಾನು "ಬರುತ್ತೆ" ಎಂದೆ. ನೀವು ಹೋದಿರಿ.

ಈಗಿನ ವಿಷಯಕ್ಕೆ ಬರುತ್ತೇನೆ. ಇಲ್ಲೇ ಒಂದು ಶೋರೂಮಿನಲ್ಲಿ ಕೆಲಸಕ್ಕಿದ್ದೇನೆ. ಬರಲಿರುವ ಕರೆಂಟಿನ ಗಾಡಿಗೆ ಬೇಡಿಕೆ ಎಷ್ಟು ಎಂದು ಊರೂರು ತಿರುಗಿ ಫಾರಂ ತುಂಬಿಸುವುದು ನನ್ನ ಕೆಲಸ. ನಗಬೇಡಿ. ಗಾಡಿಯ ಫೋಟೋ ಎಂದು ಕಂಪನಿಯವರು ಕೊಟ್ಟದ್ದರಲ್ಲಿ ಕತ್ತಲು, ಕತ್ತಲಲ್ಲಿ ಒಂದು ದೀಪ, ಅಷ್ಟೇ. ಜನ ಅದನ್ನೇ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಒಳಗೆ ಹಾಸಿಗೆಯಿದೆ, ಫ್ಯಾನಿದೆ ಎನ್ನುತ್ತಾರೆ. ಫಾರಮಿನಲ್ಲಿ ಬಣ್ಣ ಯಾವುದಿರಲಿ ಎಂಬ ಪ್ರಶ್ನೆ ಇದೆ, ಫೋನಿಗೆ ಜೋಡಿಸುವಂತಿರಬೇಕೇ ಎಂಬುದಿದೆ. ತೊಟ್ಟಿಯ ಎತ್ತರ ಎಂಬ ಕಾಲಮ್ಮೇ ಇಲ್ಲ.

ಮೊದಲು ಹೇಳಿದ್ದು ಹೆದ್ದಾರಿ ಪಕ್ಕದ ಎಳನೀರು ರಾಜಣ್ಣ. ಫಾರಂ ನೋಡಿ, "ಇದೆಲ್ಲಾ ನಿಮ್ ಬಾವುನ್ಗೆ ಯೋಳಾಯ್ತಲ್ಲ ಸಾ, ಓದ್ ವಾರ ಬಂದಿದ್ರಲ್ಲ" ಎಂದ. ಹಳೆಯದನ್ನು ನೆನೆಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಫಾರಂ ತುಂಬಿಸಿದೆ. ರುದ್ರಪಟ್ಟಣದ ವೀಣೆ ಮೇಷ್ಟ್ರೂ ಅದನ್ನೇ ಅಂದರು. "ಗಾಡಿಗೆ ಸದ್ದೇ ಇಲ್ಲದಿದ್ದರೆ ಮುದುಕರ ಗತಿ ಏನು ಎಂದು ಮೊನ್ನೆ ಬಂದಿದ್ದಾಗ ನಿಮ್ಮ ಭಾವನಿಗೆ ಹೇಳಿದೆನಪ್ಪ. ಜಗುಲಿ ಮೇಲೆ ಕೂತು ಕೇಳಿಸಿಕೊಂಡರು. ಕಾಫಿ ಕೊಟ್ಟೆ, ಲೋಟ ಹಾಗೇ ಇತ್ತು." ಮೇಷ್ಟ್ರಿಗೆ ಎಂಬತ್ತು ದಾಟಿದೆ. ವಯಸ್ಸಿನ ಮರೆವು ಎಂದು ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಅರಕಲಗೂಡು ಸಂತೆಯ ಸೊಪ್ಪಿನ ನಿಂಗಮ್ಮ ಹಾಗೆ ಅಂದುಕೊಳ್ಳಲು ಬಿಡಲಿಲ್ಲ. ಈ ಸಲದ ಯುಗಾದಿಯ ಆಸುಪಾಸಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಈಗ ಬಾಗಿ ನಡೆಯುತ್ತಾಳೆ. ಕುಕ್ಕೆಗಳನ್ನು ಗಾಡಿಗೆ ಏರಿಸುವವಳು ಈಗಲೂ ಅವಳೇ. ನಾನು ಫಾರಂ ತೆಗೆದ ಕೂಡಲೇ, "ಅದೇನಪ್ಪ ಮನೆಮಂದಿಯೆಲ್ಲಾ ಒಬ್ಬೊಬ್ರಾಗಿ ಬತ್ತೀರಿ? ನಿಮ್ ಬಾವ ಬಂದ್ರು. 'ನಿಂಗಮ್ಮ, ಸೊಂಟ ಬಗ್ಗೋಗದೆ, ಅಳ್ತೆ ಇಳ್ದದೆ, ನಿಂತ್ಕೊ' ಅಂದ್ರು. ಹುರಿ ಇಡ್ದು ಇನ್ನೊಂದ್ ಗಂಟ್ ಆಕ್ಕೊಂಡ್ ಓದ್ರು" ಎಂದಳು.

"ಯಾವಾಗ ನಿಂಗಮ್ಮ?"

"ಓದ್ ಸಂತೇಲಿ ಕಣಪ್ಪ. ಕೈ ಬೋ ತಣ್ಣುಗಿತ್ತು. ಜ್ವರ ಗಿರ ಬಂದು ಎದ್ದವ್ರಾ?"

ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದು, ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಅದರ ಮೇಲೆ ಮೂರು ವರ್ಷದ ಧೂಳು ಮುರಿಯದೆ ಕೂತಿತ್ತು. ಮುಚ್ಚಳ ತುಕ್ಕು ಹಿಡಿದು ಬಿಗಿದಿತ್ತು, ಚಮಚದ ಹಿಡಿಯಿಂದ ಮೀಟಿ ತೆಗೆದೆ. ಹಾಳೆಯ ಅಂಚಿನಲ್ಲಿ ನಿಮ್ಮ ಕೈಬರಹದ ಹನ್ನೊಂದು ಹೆಸರು. ಹುರಿಯನ್ನು ಹಾಸಿ ಗಂಟುಗಳನ್ನು ಎಣಿಸಿದೆ. ಹನ್ನೆರಡು. ಮತ್ತೆ ಎಣಿಸಿದೆ. ಹನ್ನೊಂದು ಗಂಟು ಒಂದರ ಪಕ್ಕ ಒಂದು, ಹೆಚ್ಚೆಂದರೆ ಅಂಗೈಯಗಲದೊಳಗೆ. ಹನ್ನೆರಡನೆಯದು ಅವೆಲ್ಲಕ್ಕಿಂತ ಒಂದು ಗೇಣು ಕೆಳಗೆ. ಬಾಗಿದ ಮುದುಕಿಯ ಎತ್ತರಕ್ಕೆ.

ಮಾರನೆಯ ವಾರ ಶೆಟ್ಟಿಹಳ್ಳಿಗೆ ಹೋಗುವುದಿತ್ತು. ಕಂಪನಿಯ ಪರೀಕ್ಷೆಯ ಗಾಡಿ ಹಿನ್ನೀರಿನ ಕಡೆ ಓಡಾಡುತ್ತಿದೆ, ನೋಡಿಕೊಂಡು ಬಾ ಎಂದು ಶೋರೂಮಿನವರು ಅಟ್ಟಿದರು. ನೆತ್ತಿಯ ಮೇಲೆ ಬಿಸಿಲು, ನೀರು ಇಳಿದು ಹಾಳು ಚರ್ಚಿನ ಕಮಾನುಗಳೆಲ್ಲ ಬಯಲಾಗಿದ್ದವು. ನೋಡಲು ಬಂದವರ ಜೊತೆ ನಿಂತಿದ್ದೆ. ಬೆನ್ನಿಗೆ ಗಾಳಿ ತಾಗಿತು ಎಂದು ತಿರುಗಿದರೆ ಗಾಡಿಯೇ ಬಂದು ನಿಂತಿದೆ, ಒಂದು ಮಾರು ದೂರದಲ್ಲಿ. ಮೈಗೆಲ್ಲ ಕಪ್ಪು ಬಿಳಿ ಸುರುಳಿಯ ಸ್ಟಿಕ್ಕರು, ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಕಣ್ಣಿಗೆ ಸಿಗದ ಹಾಗೆ. ಜನ ಚರ್ಚು ಬಿಟ್ಟು ಅದರ ಫೋಟೋಕ್ಕೆ ಮುತ್ತಿದರು. "ಮುಂದ್ಗಡೆ ಅಂದಿ ಮೂತಿ ಕಣ್ಲಾ" ಎಂದ ಒಬ್ಬ. "ನಿಮ್ಮಾವನ್ ಮೂತಿ. ಅದು ಗಾಳಿ ಸೀಳಕ್ಕೆ" ಎಂದ ಇನ್ನೊಬ್ಬ.

ನಾನು ಹಿಂದಕ್ಕೆ ಹೋಗಿ ತೊಟ್ಟಿಯ ಪಕ್ಕ ನಿಂತೆ. ಅದರ ಅಂಚು ನನ್ನ ಅಂಗಿಯ ಎರಡನೇ ಗುಂಡಿಗೆ ಬಂತು. ನಿಂಗಮ್ಮನಿಗೆ ಅದು ತಲೆಗಿಂತ ಮೇಲೆ. ಇಷ್ಟು ಎತ್ತರ ಯಾಕೆ ಎಂದು ಡ್ರೈವರನನ್ನು ಕೇಳಿದೆ. "ಬ್ಯಾಟರಿ ಕೆಳಗಿದೆ ಸರ್, ಅದಕ್ಕೆ. ಇನ್ನೂ ಫೈನಲ್ ಆಗಿಲ್ಲ, ತಿಂಗಳ ಕೊನೆಗೆ ಆಗುತ್ತೆ. ಆಮೇಲೆ ಏನೂ ಬದಲಾಯಿಸೋಕಾಗಲ್ಲ" ಎಂದ. ಆಮೇಲೆ ಅತ್ತಿತ್ತ ನೋಡಿ, "ನಿಮ್ಮ ಜೊತೆ ಬಂದಿದ್ದ ಹಿರಿಯರು ಎಲ್ಲಿ ಹೋದ್ರು? ಚಕ್ರದ ಪಕ್ಕ ಕೂತು ದಾರದಲ್ಲಿ ಏನೋ ಅಳೀತಿದ್ರು. ಗಾಡಿ ತೆಗೀಬೇಕು, ಏಳೋಕೆ ಹೇಳಿ" ಎಂದ.

ನಾನು ಒಬ್ಬನೇ ಬಂದಿದ್ದೆ, ಭಾವ. ಚಕ್ರದ ಪಕ್ಕದ ಮಣ್ಣಿನಲ್ಲಿ ಕುಕ್ಕರಗಾಲಿನ ಗುರುತೂ ಇರಲಿಲ್ಲ. ಆದರೂ "ಏಳಿ ಭಾವ" ಎಂದೆ. ಡ್ರೈವರ ತಲೆಯಾಡಿಸಿ ಗಾಡಿ ತೆಗೆದ, ಅದು ಬಂದ ಹಾಗೆಯೇ ಸದ್ದಿಲ್ಲದೆ ಹೋಯಿತು.

ಅಲ್ಲಿಂದ ಮನೆಗೆ ಬಂದು, ಡಬ್ಬಿ ತೆಗೆದುಕೊಂಡು ನೇರ ಹೊಳೆನರಸೀಪುರಕ್ಕೆ, ಅಕ್ಕನ ಹತ್ತಿರ ಹೋದೆ. ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹುರಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ಕಂಪನಿಯೋರು ಬ್ಯಾಡ ಅಂದವ್ರೆ ಅಂದ್ಕೊಂಡೇ ಓದ್ರು ಕಣೋ. ನನ್ ಗೆರೇನೇ ಸರಿ ಇಲ್ವೇನೋ ಅಂತ ಒಂದಿಡೀ ಆಷಾಢ ಚಾಕ್‌ಪೀಸ್ ಮುಟ್ಲಿಲ್ಲ" ಎಂದಳು.

ನಿಮ್ಮ ಗೆರೆ ಸರಿಯಿತ್ತು, ಭಾವ. ಯಾರೂ ಬೇಡ ಎನ್ನಲಿಲ್ಲ. ಅದನ್ನು ಯಾರೂ ನೋಡಿಯೇ ಇರಲಿಲ್ಲ. ಇಷ್ಟು ಸಣ್ಣ ಮಾತನ್ನು ಆಸ್ಪತ್ರೆಯಲ್ಲಿ ನಿಮ್ಮ ಕಿವಿಯಲ್ಲಿ ಹೇಳಿದ್ದರೆ ನೀವು ಹೀಗೆ ಬಿಸಿಲಲ್ಲಿ...

"ಅವ್ರ್ ಎಂಗೆ ಯೋಳ್ತಿದ್ರೋ ಅಂಗೇ ಬರಿ. ನಿನ್ ಬುದ್ವಂತಿಕೆ ಬ್ಯಾಡ" ಎಂದಳು ಅಕ್ಕ. ಕನ್ನಡದಲ್ಲೇ ಬರೆದೆ. ಪ್ರಾಸ ಹಾಕಲಿಲ್ಲ. ಹನ್ನೊಂದು ಹೆಸರಿನ ಕೆಳಗೆ ಹನ್ನೆರಡನೆಯದಾಗಿ ನಿಂಗಮ್ಮನ ಹೆಸರನ್ನು ಎರಡನೇ ಸಲ ಬರೆದು, ಪಕ್ಕದಲ್ಲಿ "ಈಗಿನ ಅಳತೆ" ಎಂದು ಸೇರಿಸಿದೆ. ಅಕ್ಕನೂ ನಾನೂ ಅಂಚೆ ಕಚೇರಿಗೆ ಹೋಗಿ, ಚಿತ್ರ, ಹುರಿ, ಕಾಗದ ಮೂರನ್ನೂ ರಿಜಿಸ್ಟರ್ಡ್ ಮಾಡಿದೆವು. ರಸೀದಿಯನ್ನು ಅಕ್ಕ ಇಸಿದುಕೊಂಡಳು. ನನ್ನ ಮೇಲೆ ಅವಳಿಗೆ ಇನ್ನು ನಂಬಿಕೆ ಇಲ್ಲ, ಇರಬೇಕಾಗಿಯೂ ಇಲ್ಲ.

ಕಂಪನಿಯಿಂದ ಬಂತು, ಭಾವ. ಹತ್ತನೆಯ ದಿನ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ವಿನ್ಯಾಸ ಮಾಡುವ ವಿಭಾಗದವಳಂತೆ, ಮಾತು ನಮ್ಮ ಕಡೆಯದೇ. ನಿಮ್ಮ ಹುರಿಯನ್ನು ಮೇಜಿಗೆ ಹಿಡಿದು ಎಲ್ಲರೂ ಬರಿಗಾಲಲ್ಲಿ ನಿಂತು ನೋಡಿದರಂತೆ. ಖಾತ್ರಿ ಕೊಡುವುದಿಲ್ಲ, ಆದರೆ ಮುಂದಿನ ಪರೀಕ್ಷೆಯ ಗಾಡಿಯಲ್ಲಿ ಬ್ಯಾಟರಿಯನ್ನು ಡ್ರೈವರನ ಬೆನ್ನ ಹಿಂದೆ ನಿಲ್ಲಿಸಿ, ತೊಟ್ಟಿ ಇಳಿಸಿ ಒಮ್ಮೆ ಓಡಿಸುತ್ತೇವೆ ಎಂದಳು. "ಗೆರೆ ಎಳೆದವರು ಯಾರು ಸರ್? ಅವರ ಹತ್ತಿರ ಮಾತಾಡಬಹುದಾ?" ಎಂದು ಕೇಳಿದಳು. ನಿಮ್ಮ ಹೆಸರು ಹೇಳಿದೆ. ಉಳಿದದ್ದನ್ನೂ ಹೇಳಿದೆ, ಈ ಸಲ ಸುಳ್ಳಿಲ್ಲದೆ.

ನಿನ್ನೆ ಅರಕಲಗೂಡಿನ ಸಂತೆಗೆ ಹೋಗಿ ನಿಂಗಮ್ಮನಿಗೆ ವಿಷಯ ತಿಳಿಸಿದೆ. ಹೋಗುವಾಗ ರಾಜಣ್ಣನ ಅಂಗಡಿಯಲ್ಲಿ ನಿಂತಿದ್ದೆ, ಮೇಷ್ಟ್ರ ಜಗುಲಿಯಲ್ಲೂ ಕೂತಿದ್ದೆ. ಇಬ್ಬರೂ ನಿಮ್ಮ ಮಾತೆತ್ತಲಿಲ್ಲ. ಕೊನೆಗೆ ನಾನೇ ತಡೆಯಲಾರದೆ ನಿಂಗಮ್ಮನನ್ನು ಕೇಳಿದೆ: "ಈ ವಾರ ನಮ್ಮ ಭಾವ ಬಂದಿದ್ದರೇ?"

ಅವಳು ಸೊಪ್ಪಿನ ಕಟ್ಟು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ತಲೆ ಕೆಟ್ಟವರನ್ನು ಜನ ಹಾಗೆ ನೋಡುವುದನ್ನು ಕಂಡಿದ್ದೇನೆ.

"ಅದ್ಯಾಕಪ್ಪ ಅಂಗಂದೀಯ" ಎಂದಳು. "ಅವ್ರು ತೀರ್ಕೊಂಡು ಮೂರ್ ವರ್ಸ ಆಯ್ತಲ್ಲ."