ಲಗಾಮು ತೊಳೆಸಲು ಹೋಗಿದ್ದೆ

ಅಪ್ಪಾ,

ಕ್ರಾಂತಿಯ ಹೆಸರಲ್ಲಿ ಅವರು ಹೊತ್ತೊಯ್ದಿದ್ದ ನಿನ್ನ ಚಿತ್ರಗಳಲ್ಲಿ ಒಂದು, ನೀನು ಮಣ್ಣಾಗಿ ಎಷ್ಟೋ ವರ್ಷಕ್ಕೆ, ಮೊನ್ನೆ ವಾಪಸು ಬಂತು. ಅದರಲ್ಲಿನ ಕುದುರೆಗೆ ಲಗಾಮಿತ್ತು. ನೀನು ಎಂದೂ ಲಗಾಮು ಬರೆದವನಲ್ಲ. ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಆ ಹುಡುಗರು ನಿನ್ನ ಜುಟ್ಟು ಹಿಡಿದು, "ಇದು ಯಾರ ಮಾತು ಕೇಳೋ ಕುದುರೆಯೋ ಮುದುಕ?" ಎಂದಾಗಲೂ ಬರೆಯಲಿಲ್ಲ. ಊರಿಗೆಲ್ಲ ನಾನು ಹೇಳಿಕೊಂಡು ತಿರುಗಿದ್ದೂ ಅದನ್ನೇ.

ಲಗಾಮನ್ನು ಆಮೇಲೆ ಅವರೇ ಸೀಸೆಯ ಅಗ್ಗದ ಮಸಿಯಲ್ಲಿ ಗೀಚಿರಬೇಕು, ನೀರು ತಾಗಿದರೆ ಹೋದೀತು ಎಂದು ಇವತ್ತು ಚಿತ್ರಗಳ ಹಿಂದೆ ಕಾಗದ ಅಂಟಿಸಿ ಗಟ್ಟಿ ಮಾಡುವ ಯಾನ್ ಮಾವನ ಅಂಗಡಿಗೆ ಒಯ್ದೆ. ಮಾವ ಒದ್ದೆ ಕುಂಚ ಎಳೆದ. ಮತ್ತೆ ಎಳೆದ.

"ಹೋಗಲ್ಲ ಕಣಮ್ಮ. ಇದು ಕಲ್ಲಲ್ಲಿ ತೇದ ಮಸಿ. ನಿಮ್ಮಪ್ಪನದೇ ಕೈ."

"ಸರಿಯಾಗಿ ನೋಡಿ ಮಾವ. ಅಪ್ಪ ಬಗ್ಗೋ ಆಸಾಮಿ ಅಲ್ಲ."

"ನೀನೇ ನೋಡು. ಪಕ್ಕದಲ್ಲಿ ಯಾವ ದಿನ ಅಂತಾನೂ ಬರೆದಿದ್ದಾನೆ."

ಆ ವರ್ಷದ ಚಳಿಗಾಲದ ಸಂಕ್ರಮಣ. ನಿನ್ನ ಮಗಳೆಂದು ಸಭಾಂಗಣದಲ್ಲಿ ಕೂಡಿಹಾಕಿದ್ದ ನನ್ನನ್ನು ಅವರು ಬಿಟ್ಟು ಕಳಿಸಿದ ದಿನ. ನನ್ನ ಜ್ವರ ನೋಡಿ ಕರುಣೆ ಬಂತೇನೋ ಅಂದುಕೊಂಡಿದ್ದೆ.

ಮನೆಗೆ ಬಂದಾಗ ನೀನು ಹಬ್ಬದ ಕಡುಬು ಬೇಯಿಸಿದ್ದೆ. ನೀನು ಮಾತ್ರ ಒಂದನ್ನೂ ಬಾಯಿಗಿಡಲಿಲ್ಲ. ನಿನ್ನ ಬೆರಳಲ್ಲಿ ಹಸಿ ಮಸಿಯಿತ್ತು.

"ಇನ್ನೂ ಕುದುರೆ ಬರೀತಾ ಇದೀಯಾ ಅಪ್ಪ?" ಎಂದು ನಾನು ಹೆಮ್ಮೆಯಿಂದ ನಕ್ಕಿದ್ದೆ.