ಕೊಳಕ್ಕೊಂದು ಇಳಿಜಾರು

ಕೋಲಾರ
೧೬ ಏಪ್ರಿಲ್ ೧೯೩೯, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ಅಶ್ವತ್ಥಮ್ಮನಿಗೆ ನಿನ್ನ ತಾಯಿಯ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ, ಹೊಸದಾಗಿ ಬಂದು ಸೇರಿಕೊಂಡ ಕಪ್ಪೆಗಳೂ ಸೇರಿ.

ಮೊದಲು ಖರ್ಚು ಹೇಳಿಬಿಡುತ್ತೇನೆ. ತೋಟದ ಕೊಳ ಕಟ್ಟಿಸಿದ್ದಕ್ಕೆ ನೂರ ಹತ್ತು ರೂಪಾಯಿ. ಕಟ್ಟಿಸಿದ್ದನ್ನು ಕೆಡಿಸಿದ್ದಕ್ಕೆ ಇಪ್ಪತ್ತೆರಡು ರೂಪಾಯಿ ಆರಾಣೆ. ಮೂರು ಗಾಡಿ ಕಾಡುಕಲ್ಲು, ಒಂದು ಗಾಡಿ ಮರಳು, ಮನೆಗೆಲಸದ ಆವಲಮ್ಮನ ಹೆಬ್ಬೆರಳಿನ ಉಗುರು, ಗಾರೆ ಮುನಿಯಲ್ಲಪ್ಪನ ಸ್ನೇಹ ಒಂದು ವಾರದ ಮಟ್ಟಿಗೆ. ರಸ್ತೆ ಬದಿಯಲ್ಲಿ ಹುರಿಗಡಲೆ ಮಾರಿ, ಆಮೇಲೆ ಹುಣಸೆಹಣ್ಣಿನ ಮಂಡಿ ಇಟ್ಟು ಇಷ್ಟು ವರ್ಷ ವ್ಯಾಪಾರ ಮಾಡಿದವಳು ನಾನು. ಒಂದೇ ಸರಕಿಗೆ ಎರಡು ಸಲ ದುಡ್ಡು ಕೊಟ್ಟದ್ದು ಇದೇ ಮೊದಲು.

ಗಣಿಯ ದೊರೆಯ ಬಂಗಲೆಗೆ ಹುಣಸೆ ಹಾಕಲು ಹೋದಾಗ ಅಲ್ಲಿನ ತಾವರೆ ಕೊಳ ನೋಡಿ ಆಸೆಪಟ್ಟದ್ದು ನಿನಗೆ ಗೊತ್ತು. ಸುಗಟೂರಿನಿಂದ ಮುನಿಯಲ್ಲಪ್ಪನನ್ನು ಕರೆಸಿ, ಅದಕ್ಕಿಂತ ಚೆನ್ನಾಗಿರಬೇಕು ಎಂದೆ. ಅವನು ಸುಣ್ಣಕ್ಕೆ ಬೆಲ್ಲದ ನೀರು, ಕೋಳಿಮೊಟ್ಟೆಯ ಬಿಳಿ ಎಲ್ಲ ಹಾಕಿ ಅರೆದು, ಗುಂಡುಕಲ್ಲಿನಿಂದ ಉಜ್ಜಿ ಉಜ್ಜಿ, ಸುತ್ತಲಿನ ಮೊಣಕಾಲೆತ್ತರದ ಕಟ್ಟೆಯಲ್ಲೂ ಒಳಗೋಡೆಯಲ್ಲೂ ಮುಖ ಕಾಣುವ ಹಾಗೆ ಮಾಡಿದ. "ಇರುವೆ ಹತ್ತಿದ್ರೂ ಜಾರ್ಬೇಕು ಕಣಮ್ಮ, ಹಂಗೈತೆ ನೋಡಿ" ಎಂದ. ನಾನು ಹಿಗ್ಗಿ ಕೂಲಿಯ ಮೇಲೆ ಒಂದು ಪಂಚೆಯನ್ನೂ ಕೊಟ್ಟೆ.

ಜಾರಿದ್ದು ಇರುವೆಯಲ್ಲ. ಬಿಸಿಲು ಏರಿ ಸುತ್ತಲ ಕುಂಟೆಗಳು ಒಣಗುತ್ತಿದ್ದ ಹಾಗೆ, ಸಣ್ಣಪುಟ್ಟ ಪ್ರಾಣಿಗಳು ನೀರಿನ ವಾಸನೆ ಹಿಡಿದು ಒಂದೊಂದೇ ಬಂದವು. ಕಟ್ಟೆ ಹತ್ತಿ ಬಗ್ಗಿ ಕುಡಿಯಹೋಗಿ ಬಿದ್ದರೆ ಮತ್ತೆ ಹತ್ತಲು ಹಿಡಿತವಿಲ್ಲ. ಬೆಳಿಗ್ಗೆ ಎದ್ದರೆ ಒಂದು ದಿನ ಅಳಿಲು, ಒಂದು ದಿನ ಗೊರವಂಕದ ಮರಿ. ಆವಲಮ್ಮ ಮೊರದಲ್ಲಿ ಎತ್ತಿಕೊಂಡು ಹೋಗಿ ಬಾಳೆಯ ಬುಡದಲ್ಲಿ ಹೂಳುತ್ತಿದ್ದಳು. ನಾನು ನೋಡಿಯೂ ನೋಡದವಳ ಹಾಗೆ ಮಂಡಿಗೆ ಹೋಗುತ್ತಿದ್ದೆ.

ಆಮೇಲೆ ಆ ಹಾವು. ಅದು ಕೇರೆಹಾವು, ನಾನೇ ಕಣ್ಣಾರೆ ಕಂಡದ್ದು. ಆದರೆ ಕೋಲಾರದಲ್ಲಿ ಸತ್ತ ಕೇರೆ ನಿಮ್ಮ ಮುಳಬಾಗಿಲಿನಲ್ಲಿ ಬಸ್ಸಿಳಿಯುವ ಹೊತ್ತಿಗೆ ಹೆಡೆ ಬಿಚ್ಚಿ ನಾಗರವಾಗಿತ್ತು. ನಿನ್ನ ಅತ್ತೆ ಹೇಳಿ ಕಳಿಸಿದ ಮಾತು ಇದು: "ಹಾವು ಮುಳುಗಿ ಸತ್ತ ಮನೆಗೆ ಬಸುರಿ ಹೆಂಗಸನ್ನ ಬಾಣಂತನಕ್ಕೆ ಕಳಿಸಾಕಿಲ್ಲ. ಆ ಕೊಳಕ್ಕೆ ಬಿದ್ದಿದ್ದು ತಾನಾಗೇ ಎದ್ದು ಬರೋ ಹಂಗೆ ಮಾಡಿ, ಆಮೇಲೆ ಮಾತು."

ಎಲ್ಲಿಯಾದರೂ ಚೊಚ್ಚಲ ಹೆರಿಗೆ ಅತ್ತೆಮನೆಯಲ್ಲಿ ಆದೀತೇ? ನನಗೆ ಇರುವುದು ನೀನೊಬ್ಬಳು. ಬಾಣಂತಿಯ ಖಾರ, ಕಾಯ, ಹಳೆ ಸೀರೆಯ ಮೆತ್ತನೆ ಬಟ್ಟೆ ಎಲ್ಲ ಎತ್ತಿಟ್ಟಾಗಿದೆ. ಎರಡು ದಿನ ಸಿಟ್ಟುಮಾಡಿಕೊಂಡೆ. ಮೂರನೆಯ ದಿನ ಯೋಚಿಸಿದರೆ ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಅಳಿಲಿಗೂ ತಾಯಿ ಇರುತ್ತದೆ.

ಅಗ್ಗದಲ್ಲಿ ಮುಗಿಸೋಣ ಎಂದು ಮೊದಲು ಒಂದು ಹಲಗೆ ಇಳಿಬಿಟ್ಟೆ. ಅದು ತೇಲಿಕೊಂಡು ನಡುವಿಗೆ ಹೋಯಿತು. ಆಮೇಲೆ ಕಟ್ಟೆಯಿಂದ ತೆಂಗಿನ ನಾರಿನ ಹಗ್ಗ ಇಳಿಬಿಟ್ಟೆ. ಓತಿಕ್ಯಾತ ಒಂದಕ್ಕೆ ಬಿಟ್ಟರೆ ಇನ್ಯಾರಿಗೂ ಅದು ಹಿಡಿಸಲಿಲ್ಲ. ಕೊನೆಗೆ ಬಿದಿರಿನ ತಟ್ಟಿ ಹೆಣೆಸಿ ಮೇಲೆ ಮುಚ್ಚಿಸಿದೆ. ಬೀಳುವುದು ನಿಂತಿತು, ಕುಡಿಯುವುದೂ ನಿಂತಿತು. ಕಾಗೆಗಳು ತಟ್ಟಿಯ ಮೇಲೆ ಕೂತು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು. ಆವಲಮ್ಮ ಸುಮ್ಮನಿರುತ್ತಾಳೆಯೇ? "ಏನಮ್ಮಣ್ಣಿ, ನೀರಿಗೂ ಬೀಗ ಹಾಕ್ಬಿಟ್ರಾ? ಬೀಗದ ಕೈ ಮಂಡೀಲೈತಾ?" ಎಂದಳು.

ಊರ ಕುಂಟೆಯಲ್ಲಿ ಯಾವ ಪ್ರಾಣಿಯೂ ಮುಳುಗಿ ಸತ್ತದ್ದನ್ನು ನಾನು ಕಂಡಿಲ್ಲ. ಎಮ್ಮೆ ನಡೆದುಕೊಂಡು ಇಳಿಯುತ್ತದೆ, ನಡೆದುಕೊಂಡು ಹತ್ತುತ್ತದೆ. ಎಮ್ಮೆಗೆ ಆಗುವ ದಾರಿ ಅಳಿಲಿಗೂ ಆಗುತ್ತದೆ. ಒಂದು ಬದಿಯ ಕಟ್ಟೆ ಒಡೆದು ಕುಂಟೆಯ ಹಾಗೆ ಇಳಿಜಾರು ಮಾಡು ಎಂದು ಮುನಿಯಲ್ಲಪ್ಪನಿಗೆ ಹೇಳಿದೆ. ಅವನ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು. "ನನ್ ಗಾರೆ ಮ್ಯಾಲೆ ನಾನೇ ಗಡಾರಿ ಎತ್ಲಾ? ಬೇಕಾದ್ರೆ ಕಟ್ಟಿಕೊಡ್ತೀನಿ. ಒಡೆಯಾಕೆ ಬೇರೆಯೋರ್ನ ನೋಡ್ಕಳಿ" ಎಂದ. ಕೂಲಿ ಹೆಚ್ಚಿಸಿದರೂ ಬಗ್ಗಲಿಲ್ಲ. ದುಡ್ಡಿಗೆ ಬಗ್ಗದ ಮನುಷ್ಯನನ್ನು ಕಂಡರೆ ನನಗೆ ಗೌರವವೂ ಬರುತ್ತದೆ, ತಲೆನೋವೂ ಬರುತ್ತದೆ.

ಹಾಗಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಆವಲಮ್ಮನೂ ಒಡೆದೆವು. ಮುನಿಯಲ್ಲಪ್ಪ ಬೆನ್ನು ತಿರುಗಿಸಿಕೊಂಡು ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿದ್ದ. ಪ್ರತಿ ಏಟಿಗೂ ಅವನ ಭುಜ ಅದುರುತ್ತಿತ್ತು. ನಾವು ಮುಗಿಸಿದ ಮೇಲೆ ಬಂದು ಕಾಡುಕಲ್ಲು ಜೋಡಿಸತೊಡಗಿದ. ತಳದಿಂದ ನೆಲದ ಮಟ್ಟದವರೆಗೆ ಒರಟು ಕಲ್ಲಿನ ಇಳಿಜಾರು, ಅದರ ಮೇಲೆ ಮರಳು, ಅಂಚಿಗೆ ಜೊಂಡು ಮತ್ತು ಗರಿಕೆ. ಜೇನು, ಕಣಜ ಕೂತು ಕುಡಿಯಲೆಂದು ನಡುವೆ ಒಂದೆರಡು ಕಲ್ಲುಗಳು ನೀರಿನಿಂದ ತಲೆ ಎತ್ತಿ ನಿಂತಿವೆ. ಕತ್ತಾಳೆ ಬೇಲಿಯ ಬುಡದಲ್ಲಿ ಮುಂಗುಸಿ ನುಗ್ಗುವಷ್ಟು ಸಂದು ಬಿಡಿಸಿದೆ. ತಟ್ಟಿ ಒಲೆಗೆ ಹೋಯಿತು. ಆವತ್ತಿನಿಂದ ಮೊರಕ್ಕೆ ಬತ್ತ ಕೇರುವುದು ಬಿಟ್ಟು ಬೇರೆ ಕೆಲಸವಿಲ್ಲ.

ನಿನ್ನೆ ನಿನ್ನ ಅತ್ತೆ ತಾವೇ ಬಸ್ಸಿನಲ್ಲಿ ಬಂದಿಳಿದರು. ಕೈಕಾಲು ತೊಳೆಯುವುದಕ್ಕೂ ಮುಂಚೆ ಕೊಳದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕಪ್ಪೆಯೊಂದು ಇಳಿಜಾರು ಹತ್ತಿ ಬಂದದ್ದನ್ನು ತೋರಿಸಿದೆ. "ಕಪ್ಪೆ ನೀರಿಂದೇ ಅಲ್ವಾ ಬೀಗಿತ್ತಮ್ಮ, ಅದು ಲೆಕ್ಕಕ್ಕಿಲ್ಲ. ನೆಲದ್ದು ಏನಾದ್ರೂ ಬಿದ್ದು ಎದ್ದು ಬರ್ಲಿ, ಚೂದ್ದಾಂ" ಎಂದರು. ನೋಡೋಣ ಎನ್ನುವುದನ್ನು ಅವರು ತೆಲುಗಿನಲ್ಲಿ ಹೇಳಿದರೆ ಮನಸ್ಸು ಗಟ್ಟಿಮಾಡಿದ್ದಾರೆ ಎಂದೇ ಅರ್ಥವಂತೆ, ನೀನೇ ಬರೆದಿದ್ದೆ. ನನಗೆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಒಪ್ಪಿಕೊಂಡರು. ಹೇಗೆ ಒಪ್ಪಿದರು ಎಂಬುದನ್ನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ದೊಡ್ಡ ಮನಸ್ಸಿನವರು. ಶುಕ್ರವಾರ ದಿನ ಚೆನ್ನಾಗಿದೆಯಂತೆ. ಅಳಿಯಂದಿರು ರಾಮಚಂದ್ರಪ್ಪನವರಿಗೆ ಹೇಳಿ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಸಿಕೋ, ಕುಲುಕಾಟ ಕಡಿಮೆ.

ಇತಿ ನಿನ್ನನ್ನೇ ಕಾಯುತ್ತಿರುವ ತಾಯಿ,
ಶಾಮಲಮ್ಮ

ಮರೆತ ಮಾತು: ಈ ಕಾಗದ ತರುವವರು ನಿನ್ನ ಅತ್ತೆಯೇ. ಅವರಿಗೆ ಓದು ಬಾರದು, ನಿನ್ನ ಕೈಲಿ ಓದಿಸಿಯೇ ಕೇಳುತ್ತಾರೆ. ಸಹಿಯ ಹತ್ತಿರ ನಿಲ್ಲಿಸಿಬಿಡು. ಬಾಯಿ ಬಿಡುವುದಿಲ್ಲ ಎಂದಿದ್ದೆ, ಬಿಟ್ಟಿಲ್ಲ; ಇದು ಕೈಬರಹ.

ಬೆಳಿಗ್ಗೆ ಅವರು, ನಾವು ಒಡೆಯದೆ ಉಳಿಸಿದ ನುಣುಪು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಎದುರಿಗೆ ಮುಂಗುಸಿ ನೀರಿಗೆ ಬಂತು. ನೋಡಲು ಬಗ್ಗಿದರು, ಜಾರಿದರು. ಸೊಂಟದವರೆಗಿನ ನೀರು. ಎರಡು ಸಲ ಆ ಗೋಡೆಯನ್ನೇ ಹತ್ತಲು ನೋಡಿ, ಆಗದೆ, ತಿರುಗಿ ಜೊಂಡಿನ ನಡುವೆ ಇಳಿಜಾರು ಹಿಡಿದು ತಮ್ಮ ಕಾಲಿನಲ್ಲೇ ಮೇಲೆ ಬಂದರು. ನಾನು ಕೈ ಕೊಡಲು ಓಡಿದರೆ, "ಬ್ಯಾಡ ಇರಿ, ನಾನೇ ಬರ್ತೀನಿ" ಎಂದರು. ದಡದಲ್ಲಿ ನಿಂತು ಸೆರಗು ಹಿಂಡುತ್ತಾ, "ಸರಿ. ಕಳಿಸ್ತೀನಿ" ಎಂದರು. ನಾನು ನಗಲಿಲ್ಲ. ಆವಲಮ್ಮ ಹಿತ್ತಿಲಿಗೆ ಹೋಗಿ ನಕ್ಕು ಬಂದಳು.

ಕೊನೆಗೆ ಯಾರಿಗೆ ಏನು ಬಂತು: ಅಳಿಲಿಗೆ ಹತ್ತಿ ಬರಲು ದಾರಿ. ಮುಂಗುಸಿಗೆ ನೀರು. ಮುನಿಯಲ್ಲಪ್ಪನಿಗೆ ಒಂದೇ ಕೊಳಕ್ಕೆ ಎರಡು ಕೂಲಿ. ನಿನ್ನ ಅತ್ತೆಗೆ, ಒದ್ದೆಯದನ್ನು ಬದಲಿಸಲು ಕೊಟ್ಟ ನನ್ನ ಹಸಿರು ಅಂಚಿನ ಸೀರೆ. ವಾಪಸು ಕೊಡುವ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ನನಗೆ, ಶುಕ್ರವಾರದ ಬಸ್ಸಿಗೆ, ನೀನು.